ಯುಗಾದಿಗೆ ಶ್ರೀಶೈಲ ಪಾದಯಾತ್ರೆ: ನಾವು ನಾಲ್ಕ ಮಂದಿ ದೋಸ್ತರು, ಒಬ್ಬಾಂವನ ಮೊಣಕಾಲ ನೋವೈತಿ, ಅಡವಿ ದಾರಿಗೆ ಕರಕೊಂಡ ಹೋಗೂದಾ ಬ್ಯಾಡಾ?

ಗುಳೇದಗುಡ್ಡ_ಖಣ

ಎಲ್ಲಾರಿಗೂ ನಮಸ್ಕಾರ್ರಿ. ನಾವು ನಾಲ್ಕ ಮಂದಿ ಗುಳೇದಗುಡ್ಡದಾವ್ರು, ಒಂದ ಓಣ್ಯಾಗ ಆಡಿ ಬೆಳದಾವ್ರು. ಈ ಸಲ ಹೋಳಿ ಹುಣ್ಣಿವಿ ಮುಗಿಸಿ ಶ್ರೀಶೈಲಕ್ಕ ನಡಕೋಂತ ಹೋಗೂದು ಅಂತ ಗಟ್ಟಿ ಮಾಡೀವಿ. ನಾ ಒಬ್ಬಾಂವ ಹತ್ತ ವರ್ಷದ ಹಿಂದ ನಮ್ಮ ಕಾಕಾನ ಕೂಡ ಒಮ್ಮೆ ಹೋಗೀನಿ, ಉಳದ ಮೂರೂ ಮಂದಿಗೆ ಇದ ಮೊದಲ ಸಲ. ಅಮೀನಗಡ, ಹುನಗುಂದ, ಇಳಕಲ್ಲ, ಮುದಗಲ್ಲ, ಲಿಂಗಸುಗೂರ, ಮಾನ್ವಿ, ಅಲ್ಲಿಂದ ತುಂಗಭದ್ರಾ ದಾಟಿ ಎಮ್ಮಿಗನೂರ, ಕೋಡುಮೂರ, ಕರ್ನೂಲ, ನಂದಿಕೊಟ್ಕೂರ, ಆತ್ಮಕೂರ, ಕಡೀಕ ವೆಂಕಟಾಪುರದಿಂದ ಅಡವಿ ಹೊಗೂದು. ಹತ್ತತ್ರ ನಾನೂರ ಕಿಲೋಮೀಟರ್ ಆಗತೈತಿ, ಹನ್ನೆಲ್ಡ ಹದಿಮೂರ ದಿನಾ ಇಟಗೊಂಡೀವಿ.

ವಿಷಯ ಏನಂದ್ರ ನಮ್ಮ ಪೈಕಿ ಒಬ್ಬಾಂವ ಕುಣಿಮಗ್ಗದಾಗ ಖಣ ನೇಯತಾನ, ದಿನಾ ಕುಣ್ಯಾಗ ಕಾಲ ಇಳಿಬಿಟ್ಟ ತುಳಿಯೂದ ಅವನ ಕೆಲಸ, ಆರ ತಿಂಗಳದ ಹಿಂದ ಗಾಡಿಮ್ಯಾಲಿಂದ ಬಿದ್ದ ಬಲ ಮೊಣಕಾಲಿಗೆ ಪೆಟ್ಟ ಮಾಡಕೊಂಡಾನ. ಸಪಾಟ ರಸ್ತಾದಾಗ ಚೊಲೋ ನಡಿತಾನ, ದಿನಾ ಮುಂಜಾನೆ ನಮ್ಮ ಕೂಡ ಹತ್ತ ಕಿಲೋಮೀಟರ್ ನಡದು ರೂಢಿ ಮಾಡಾಕತ್ತಾನ, ಆದ್ರ ಮೆಟ್ಲ ಇಳಿಯೂಮುಂದ ಮುಖ ಸಣ್ಣದ ಮಾಡತಾನ. ಇಬ್ಬರ ಅಂತಾರ ಆತ್ಮಕೂರದಾಗ ಬಸ್ ಹತ್ತಿಸಿ ಕಳಸೂಣು ಅಂತ, ಅಂವ ಅಂತಾನ ಮಲ್ಲಯ್ಯ ಕರದಾನು ನಾ ಬಸ್ ಹತ್ತೂದಿಲ್ಲ ಅಂತ. ನನಗ ಅವನ್ನ ಬಿಟ್ಟ ಹೋಗಾಕ ಮನಸ್ಸಿಲ್ಲ, ಕರಕೊಂಡ ಹೋಗಾಕ ಧೈರ್ಯಾನೂ ಇಲ್ಲ. ಹೋಗಿ ಬಂದಾವ್ರು ಹೇಳ್ರಿ.

ಬರಿಗಾಲ_ಬಾದಾಮಿ

ಮನಸ್ಸ ಗಟ್ಟಿ ಇದ್ರ ಎಲ್ಲಾ ಆಗತೈತಿ ತಮ್ಮಾ. ನಾ ಮೂರ ಸಲ ಬರಿಗಾಲಲೇ ಹೋಗೀನಿ, ನಮ್ಮೂರನ್ಯಾಗ ಮರಗಾಲ ಕಟಗೊಂಡ ಹೋದಾವ್ರನೂ ನೋಡೀನಿ. ಕರಕೊಂಡ ಹೋಗ್ರಿ, ಮಲ್ಲಯ್ಯ ನಡಸತಾನ.

ಮುಧೋಳ_ಔಷಧ_ಅಂಗಡಿ

ಬಾದಾಮಿ ಅಣ್ಣಾರ, ನಿಮ್ಮ ಭಕ್ತಿಗೆ ಕೈ ಮುಗೀತೀನಿ, ಆದ್ರ ಮೊದಲ ಸಲ ಹೊಂಟಾವ್ರಿಗೆ ಬರಿಗಾಲ ಅಂತ ಹೇಳಬ್ಯಾಡ್ರಿ. ಯುಗಾದಿ ಹೊತ್ತನ್ಯಾಗ ಕರ್ನೂಲ ಕಡೆ ಹನ್ನೊಂದ ಗಂಟೆ ಮ್ಯಾಲ ಡಾಂಬರ್ ಮ್ಯಾಲ ಕಾಲ ಇಡಾಕ ಬರೂದಿಲ್ಲ. ವರ್ಷಾ ಪಾದಯಾತ್ರಿ ಮುಗಿಸಿ ಬಂದಾವ್ರು ನಮ್ಮ ಅಂಗಡಿಗೆ ಬರತಾರ, ಅಂಗಾಲ ನೋಡಿದ್ರ ಕಣ್ಣಾಗ ನೀರ ಬರತಾವ.

ಬೂಟ ಹೊಸಾವ ಹಾಕ್ಕೊಂಡ ಹೋಗಬ್ಯಾಡ್ರಿ, ಎರಡ ತಿಂಗಳ ಮೆಟ್ಟಿ ಮೆತ್ತಗಾದಾವ ಇರಬೇಕು, ನಡದ ನಡದ ಪಾದ ಊದತಾವ ಅದಕ್ಕ ಅರ್ಧ ನಂಬರ್ ದೊಡ್ಡಾವ ತಗೋರಿ. ಉಗರ ಸಣ್ಣಗ ತಗಸರಿ, ಇಲ್ಲಂದ್ರ ಇಳಿಜಾರಿನ್ಯಾಗ ಹೆಬ್ಬಟ್ಟಿನ ಉಗರ ಬೂಟಿಗೆ ಬಡದ ಬಡದ ಕರ್ರಗ ಆಗಿ ಬಿದ್ದ ಹೋಗತಾವ. ಬೊಕ್ಕಿ ಎದ್ದ ಮ್ಯಾಲ ಎಲ್ಲಾರೂ ಸೂಜಿಲೇ ದಾರಾ ಹಾಯಿಸಿ ಹಂಗ ಬಿಡತಾರ, ಅದ ಬ್ಯಾಡ, ಆ ದಾರದ ಗುಂಟ ಧೂಳ ಒಳಗ ಹೋಗಿ ಕೀವ ತುಂಬತೈತಿ. ತೊಗಲ ಕೀಳದ ಸ್ವಚ್ಛ ತೊಳದು ಮ್ಯಾಲ ಪಟ್ಟಿ ಅಂಟಿಸ್ರಿ. ಅದಕ್ಕಿಂತ ಚೊಲೋದಂದ್ರ ಬೊಕ್ಕಿ ಏಳೂಕ್ಕಿಂತ ಮೊದಲ ಉರಿ ಹತ್ತತೈತಲ್ಲ, ಆವಾಗನ ಕುಂತ ಸಾಕ್ಸ ಕಳದ ನೋಡಕೋಬೇಕು. ದೋಸ್ತರ ಮುಂದ ಹೊಂಟಾರು ಅಂತ ಹಲ್ಲ ಕಡಕೊಂಡ ನಡಿತಾರ ನೋಡ್ರಿ, ಅಲ್ಲೇ ಕೆಡೂದು.

ಇನ್ನೊಂದ ಮಾತ. ನಿಮ್ಮ ಗೆಳ್ಯಾ ನೋವಿನ ಗುಳಿಗಿ ನುಂಗಕೋಂತ ನಡಿಯಾಕ ಹೋದ್ರ ಬಿಡಬ್ಯಾಡ್ರಿ. ಮೈಯಾಗ ನೀರ ಕಮ್ಮಿ ಇದ್ದಾಗ, ಹೊಟ್ಟಿ ಖಾಲಿ ಇದ್ದಾಗ ಆ ಗುಳಿಗಿ ಮೂತ್ರಪಿಂಡಕ್ಕ ಪೆಟ್ಟ ಕೊಡತಾವ. ಒಂದ ಲೀಟರ್ ನೀರಿಗೆ 6 ಟೀ ಚಮಚ ಸಕ್ಕರಿ, ಅರ್ಧ ಟೀ ಚಮಚ ಉಪ್ಪ, ಚಮಚ ಸಮಾ ಇರಬೇಕ, ಗುಡ್ಡಿ ಹಾಕಿ ತುಂಬಬಾರದು, ಕಲಸಿ ಇಟಗೋರಿ. ಬಿಸಲಾಗ ನಡಿಯಾಂವಗ ಬೆವರ ನಿಂತ ಮೈ ಸುಡಾಕತ್ತಿ ಮಾತ ಎಲ್ಲಿದೆಲ್ಲಿದೋ ಆಡಾಕತ್ತಿದ್ರ ಅದ ದಣಿವ ಅಲ್ಲ, ಬಿಸಲ ಬಡದೈತಿ ಅಂತ ತಿಳಕೊಂಡ ನೆರಳಿಗೆ ಒಯ್ದು ಮೈಮ್ಯಾಲ ನೀರ ಹಾಕಿ ಬೀಸಕೋಂತ ದವಾಖಾನಿಗೆ ಒಯ್ರಿ.

ಹುನಗುಂದ_ದಾಸೋಹ

ನಮ್ಮ ಓಣಿಯಾವ್ರು ವರ್ಷಾ ರಸ್ತಾ ದಂಡಿಗೆ ಪೆಂಡಾಲ ಹಾಕತೀವಿ. ಜ್ವಾಳದ ರೊಟ್ಟಿ, ಝುಣಕ, ಮೊಸರ, ಮಜ್ಜಿಗಿ, ಕಲ್ಲಂಗಡಿ, ಸಂಜಿಕ ಕಾಲಿಗೆ ಬಿಸಿನೀರ ಎಣ್ಣಿ. ಬರ್ರಿ ನಮ್ಮಲ್ಲಿಗೆ. ಒಂದ ವಿನಂತಿ ಐತಿ, ನಾಲ್ಕೂ ಮಂದಿ ನಿಮ್ಮ ನಿಮ್ಮ ಸ್ಟೀಲ್ ತಾಟ ಗಿಲಾಸ ತರ್ರಿ. ಯಾತ್ರಿ ದಾಟಿದ ಮರದಿನ ರಸ್ತಾ ಗುಂಟ ಪ್ಲಾಸ್ಟಿಕ್ ಗಿಲಾಸ ಪತ್ರೋಳಿ ಆರಸೂದ್ರಾಗ ನಮ್ಮ ಹುಡುಗೂರ ಬೆನ್ನ ಬೀಳತಾವ, ದನಾ ಅವನ್ನ ತಿಂತಾವ. ಮತ್ತ ಮೊದಲನೇ ದಿನ ಸಿಕ್ಕ ಸಿಕ್ಕಲ್ಲೆ ಹೊಟ್ಟಿ ತುಂಬ ಉಣಬ್ಯಾಡ್ರಿ. ಪ್ರೀತಿಲೇ ಕೊಡತಾರ ಒಲ್ಲೆ ಅನ್ನಾಕ ಆಗೂದಿಲ್ಲ ಖರೆ, ಆದ್ರ ಎರಡ ತುತ್ತ ತಿಂದ ಮುಂದ ಹೋದ್ರ ನಾವೇನ ಬ್ಯಾಸರ ಮಾಡಕೋಳಂಗಿಲ್ಲ.

ಕೃಷ್ಣಾತೀರ_ವಿಜಯಪುರ

ಗುಳೇದಗುಡ್ಡ ತಮ್ಮಾ, ನಾ ಎಂಟ ಸಲ ಹೋಗೀನಿ, ಅದಕ್ಕ ಜರಾ ಉದ್ದ ಬರೀತೀನಿ, ಸಾವಕಾಶ ಓದು.

ರಸ್ತಾ ಬ್ಯಾರೆ, ಅಡವಿ ಬ್ಯಾರೆ. ಆತ್ಮಕೂರ ತನಕಾ ನಿನ್ನ ಗೆಳ್ಯಾಗ ಎಲ್ಲಿ ಸಾಕಾತೋ ಅಲ್ಲಿ ಕುಂದರಬಹುದು, ಟಂಟಂ ಸಿಗತಾವ, ಊರ ಸಿಗತಾವ, ದವಾಖಾನಿ ಅದಾವ. ವೆಂಕಟಾಪುರ ದಾಟಿ ಅಡವಿ ಹೊಕ್ಕ್ರ ಮುಂದ ಹತ್ತತ್ರ ನಲವತ್ತ ಕಿಲೋಮೀಟರ್ ನಲ್ಲಮಲ. ನಾಗಲೂಟಿ ವೀರಭದ್ರನ ಗುಡಿ, ದಾಮೆರ್ಲಕುಂಟ, ಪೆದ್ದಚೆರುವು ಅಂದ್ರ ದೊಡ್ಡ ಕೆರಿ, ಮಠಂಬಾವಿ, ಭೀಮನ ಕೊಳ್ಳ, ಆಮ್ಯಾಲ ಕೈಲಾಸ ಬಾಗಿಲ, ಹಾಟಕೇಶ್ವರ, ಶ್ರೀಶೈಲ. ಇದು ಹುಲಿ ಇರೂ ಅಡವಿ, ನಾಗಾರ್ಜುನಸಾಗರ ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ ಅಂತಾರ, 1983ರಾಗ ಮಾಡಿದ್ದು, ದೇಶದಾಗ ಎಲ್ಲಾಕ್ಕಿಂತ ದೊಡ್ಡದು. ಶಿವರಾತ್ರಿಗೆ ಮತ್ತ ಯುಗಾದಿಗೆ ಅಷ್ಟ ಯಾತ್ರಿಕರಿಗೆ ದಾರಿ ಬಿಡತಾರ. ನಡಬರಕ ಸಾಕಾತು ಅಂದ್ರ ಹೊರಗ ಬರಾಕ ಸರಳ ದಾರಿ ಇಲ್ಲ, ಫೋನ್ ಭಾಳ ಕಡೆ ಹತ್ತೂದಿಲ್ಲ. ಹಂಗಾಗಿ ಕರಕೊಂಡ ಹೋಗೂದೋ ಬಿಡೂದೋ ಅನ್ನೂದು ಆತ್ಮಕೂರದಾಗ ತೀರಬೇಕು, ಪೆದ್ದಚೆರುವು ದಂಡಿಮ್ಯಾಲ ಕುಂತ ಅಲ್ಲ.

ಭೀಮನ ಕೊಳ್ಳ ಅಂದ್ರ ಎಲ್ಲಾರೂ ಏರ ಏರ ಅಂತಾರ, ನನ್ನ ಕೇಳಿದ್ರ ಇಳಕಲನ ಕಠಿಣ. ಆಳ ಕಣಿವಿ ಅದು, ಈ ಕಡಿಂದ ಇಳದು ಕೆಳಗ ನೀರ ಮುಟ್ಟಿ ಆ ಕಡೆ ಏರಬೇಕು. ಕಲ್ಲಿನ ಮೆಟ್ಲ ಅದಾವ, 14ನೇ ಶತಮಾನದಾಗ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕ ಮೆಟ್ಲ ಕಟ್ಟಿಸಿದ ಅಂತಾರ, ಅಷ್ಟ ಹಳೇ ದಾರಿ. ಒಂದ ಮೆಟ್ಲ ಗೇಣುದ್ದ ಇದ್ರ ಮುಂದಿಂದು ಮೊಳಕಾಲುದ್ದ ಇರತೈತಿ, ಲಕ್ಷಾಂತರ ಪಾದಾ ಸವದು ನುಣ್ಣಗ ಆಗ್ಯಾವ. ಹದಿಮೂರ ದಿನಾ ನಡದ ಕಾಲ ಅಲ್ಲಿ ನಡಗತಾವ, ನೋವಿದ್ದ ಮೊಣಕಾಲಂತೂ ಕೇಳಬ್ಯಾಡ.

ಇನ್ನ ನಂದ ಒಂದ ತಪ್ಪ ಹೇಳತೀನಿ. ಐದನೇ ಸಲ ಹೋದಾಗ ನಾನು ನನ್ನ ಜೀವದ ಗೆಳ್ಯಾ ಇಬ್ಬರ ಇದ್ವಿ. ಪೆದ್ದಚೆರುವು ದಾಟಿದ ಮ್ಯಾಲ ಅಂವ ನೀ ನಡಿ ನಾ ಬಂದೆ ಅಂದ, ನಾ ನಡದೆ. ನನ್ನ ಕಾಲಿಗೆ ಆವತ್ತ ಏನ ಹುರುಪ ಬಂದಿತ್ತೋ, ತಿರುಗಿ ನೋಡಲಿಲ್ಲ. ಕೊಳ್ಳ ಇಳದೆ, ಏರಿದೆ, ಕೈಲಾಸ ಬಾಗಿಲದಾಗ ಕುಂತೆ, ಅಂವ ಬರಲಿಲ್ಲ. ಒಂದ ತಾಸಾತು, ಎರಡಾತು, ಹೊತ್ತ ಮುಣಗಿತು. ಹುಣ್ಣಿವಿಗೆ ಊರ ಬಿಟ್ಟಿರತೀವಿ ಅದಕ್ಕ ಮೊದಮೊದಲ ನಸುಕಿನ್ಯಾಗ ಹಾಲ ಚೆಲ್ಲಿದಂಗ ಬೆಳದಿಂಗಳ, ಅಡವಿಗೆ ಬರೂದ್ರಾಗ ಅಮಾಸಿ ಬಂದಿರತೈತಿ, ಕೈ ಮುಂದ ಹಿಡದ್ರ ಕೈ ಕಾಣೂದಿಲ್ಲ. ಕೆಳಗಿಂದ ಒಬ್ಬೊಬ್ಬರ ಏರಿ ಬರೂಮುಂದ ಬಡಗಿ ಕಲ್ಲಿಗೆ ಬಡದ ಸಪ್ಪಳ ಕೇಳತಿತ್ತು, ಅವನ ಬಡಗಿಗೆ ನಮ್ಮವ್ವ ಎರಡ ಗೆಜ್ಜಿ ಕಟ್ಟಿದ್ಲು, ನಾ ಆ ಗೆಜ್ಜಿ ಸಪ್ಪಳಕ್ಕ ಕಿವಿ ಕೊಟ್ಟ ನಾಲ್ಕ ತಾಸ ಕುಂತೆ. ಕಡೀಕ ಕೇಳ್ತು. ಜಮಖಂಡಿ ಕಡ್ಯಾವ್ರು ಯಾರೋ ಹತ್ತ ಹನ್ನೆಲ್ಡ ಮಂದಿ ಅವನ ಬಗಲಾಗ ಕೈ ಕೊಟ್ಟ ಕರಕೊಂಡ ಬಂದ್ರು. ಕಾಲ ಉಳಕಿ ಕಲ್ಲಿನಮ್ಯಾಲ ಕುಂತಿದ್ನಂತ, ಅರ್ಧ ಬಾಟ್ಲಿ ನೀರಿನಮ್ಯಾಲ. ನನಗ ಒಂದ ಮಾತ ಅನಲಿಲ್ಲ. ಅಂದಿದ್ರ ಚೊಲೋ ಇತ್ತು.

ಅದಕ್ಕ ಹೇಳತೀನಿ, ಅವನ ಮೊಣಕಾಲ ಆಮ್ಯಾಲ ನೋಡೂಣು, ಮೊದಲ ನೀವ ನಾಲ್ಕೂ ಮಂದಿ ಒಂದ ಮಾತ ಮಾಡಕೋರಿ. ಎಲ್ಲಾರಿಗಿಂತ ಸಾವಕಾಶ ನಡಿಯಾಂವನ ಹೆಜ್ಜಿನ ಎಲ್ಲಾರ ಹೆಜ್ಜಿ. ಅದು ಆಗೂದಿಲ್ಲ ಅಂದ್ರ ಕರಕೊಂಡ ಹೋಗಬ್ಯಾಡ್ರಿ.

ಸಹ್ಯಾದ್ರಿ_ನಡಿಗಿ_ಬೆಳಗಾವಿ

ಕಾಕಾ, ಓದಿ ಎದಿ ಝಲ್ಲ ಅಂತು. ನಾ ಶ್ರೀಶೈಲಕ್ಕ ನಡದ ಹೋಗಿಲ್ಲ, ನಂದ ಎಲ್ಲಾ ಈ ಕಡೆ, ಚೋರ್ಲಾ ಘಾಟ, ಹರಿಶ್ಚಂದ್ರಗಡ, 1646 ಮೀಟರ್ ಎತ್ತರದ ಕಳಸೂಬಾಯಿ. ನಮ್ಮ ಟ್ರೆಕ್ಕಿಂಗ್ ಗುಂಪಿನ್ಯಾಗ ಒಂದ ಪದ್ಧತಿ ಐತಿ, ದಾರಿ ಗೊತ್ತಿದ್ದಾಂವ ಒಬ್ಬ ಮುಂದ, ಅವನ ಬೆನ್ನಿಗೇ ಎಲ್ಲಾರಿಗಿಂತ ಸಾವಕಾಶ ನಡಿಯಾಂವ, ಗಟ್ಟಿ ಇದ್ದಾಂವ ಒಬ್ಬ ಕಡೀಕ. ಸಾವಕಾಶ ನಡಿಯಾಂವನ್ನ ಹಿಂದ ಬಿಟ್ರ ಏನಾಗತೈತಿ, ಮುಂದಿನಾವ್ರು ನಿಂತ ದಣಿವ ಆರಿಸಿಕೊಂಡ ಇವಾ ಬಂದ ಮುಟ್ಟೂದ್ರಾಗ ಎದ್ದ ಹೊಂಡತಾರ, ಅವಗ ದಿನಾ ಪೂರ್ತಿ ಕುಂದರಾಕ ಸಿಗೂದ ಇಲ್ಲ.

ಮೊಣಕಾಲಿಗೆ ಏರಕ್ಕಿಂತ ಇಳಕಲನ ವೈರಿ, ಅದು ಬರೋಬ್ಬರಿ. ಎರಡೂ ಕೈಯಾಗ ಒಂದೊಂದ ಬಿದಿರ ಬಡಗಿ ಕೊಡ್ರಿ, ಇಳಿಯೂಮುಂದ ಮೊದಲ ಬಡಗಿ ಕೆಳಗ ಊರಿ ಭಾರಾ ಅದಕ್ಕ ಕೊಟ್ಟ ಆಮ್ಯಾಲ ನೋವಿದ್ದ ಕಾಲ, ಆಮ್ಯಾಲ ಚೊಲೋ ಕಾಲ. ಏರೂಮುಂದ ಉಲ್ಟಾ, ಚೊಲೋ ಕಾಲ ಮೊದಲ. ಅವನ ಚೀಲ ಉಳದಾವ್ರು ಹೊರ್ರಿ.

ಖರೆ ಹೇಳಬೇಕಂದ್ರ ಒಂದ ಪರೀಕ್ಷಾ ಐತಿ. ಊರ ಬಿಡೂಕ್ಕಿಂತ ಮೊದಲ ಬಾದಾಮಿಗೆ ಹೋಗ್ರಿ, ನಿಮಗ ಹತ್ತರನ ಐತಿ. ಶಿವಾಲಯದ ಗುಡ್ಡ ಏರಿ ಇಳದು ತಾಸ ಕುಂತ ಮತ್ತೊಮ್ಮೆ ಏರಿ ಇಳೀರಿ. ಮರದಿನ ಮುಂಜಾನೆ ಮೊಣಕಾಲ ಊದಿದ್ರ ನಿಮ್ಮ ಪ್ರಶ್ನಾಕ ಉತ್ತರ ಸಿಕ್ಕಂಗ.

ಇಳಕಲ್ಲ_ಸೀರಿ

ನಾನೂ ನಮ್ಮ ಅತ್ತಿಯಾರ ಕೂಡ ಎರಡ ಸಲ ಹೋಗೀನ್ರಿ. ಅತ್ತಿಯಾರಿಗೆ ಅರವತ್ತ ದಾಟೈತಿ, ಸೀರಿ ಕಚ್ಚಿ ಹಾಕ್ಕೊಂಡ ನನಗಿಂತ ಬಿರಬಿರ ನಡಿತಾರ. ಹೆಣಮಕ್ಕಳಿಗೆ ದೊಡ್ಡ ತ್ರಾಸ ನಡಿಯೂದಲ್ಲ, ಬಯಲಕಡೆಗೆ ಹೋಗೂದು. ಅದಕ್ಕಂತ ನೀರ ಕುಡಿಯೂದ ಬಿಡತಾರ, ಆಮ್ಯಾಲ ಉರಿಮೂತ್ರ ಹಚಗೊಂಡ ಒದ್ದಾಡತಾರ. ಹಂಗ ಮಾಡಬ್ಯಾಡ್ರಿ ಅಕ್ಕಾರ. ಊರೊಳಗ ಬಂದ್ರ ಯಾವ ಮನಿ ಬಾಗಲಾ ಬಡದ್ರೂ ಒಳಗ ಕರೀತಾರ, ಜಳಕಕ್ಕ ನೀರ ಕಾಸಿ ಕೊಡತಾರ, ಆಂಧ್ರದಾಗ ಭಾಷಾ ಬರದಿದ್ರೂ ಮಲ್ಲಯ್ಯನ ಮಂದಿ ಅಂದ್ರ ಸಾಕ. ಅಡವ್ಯಾಗ ಪ್ಯಾಡ್ ಗೀಡ್ ಒಗೀಬ್ಯಾಡ್ರಿ, ಚೀಲದಾಗ ಇಟಗೊಂಡ ಶ್ರೀಶೈಲಕ್ಕ ತಂದ ಡಬ್ಬ್ಯಾಗ ಹಾಕ್ರಿ.

ಮತ್ತ ಬರಿಗೈಲೇ ಹೋಗಬ್ಯಾಡ್ರಿ. ಭ್ರಮರಾಂಬಾ ನಮ್ಮ ಕಡೆ ಮಗಳು, ಮಲ್ಲಯ್ಯ ಅಳಿಯ. ನಮ್ಮತ್ತಿ ಇಳಕಲ್ಲ ಸೀರಿ, ಅರಿಶಿಣ ಕುಂಕುಮ ಮಡಲಕ್ಕಿ ಹೊತ್ತಗೊಂಡ ಬರತಾರ, ನಾನೂರ ಕಿಲೋಮೀಟರ್ ಅದನ್ನ ಯಾರ ಕೈಯಾಗೂ ಕೊಡೂದಿಲ್ಲ. ಹಬ್ಬಕ್ಕ ಮಗಳ ಮನಿಗೆ ಹೊಂಟೀನಿ ಅಂತಾರ, ಕಾಲ ನೋಯತಾವ ಅಂತ ಒಮ್ಮೆನೂ ಅಂದಿಲ್ಲ. ಗುಳೇದಗುಡ್ಡದಾವ್ರು ಖಣ ಒಯ್ಯದಿದ್ರ ಹೆಂಗ್ರಿ?

ಬರಿಗಾಲ_ಬಾದಾಮಿ

ಎಲ್ಲಾ ಖರೆ, ಆದ್ರ ನಡಬರಕ ಬಸ್ ಹತ್ತಿದ್ರ ಹರಕಿ ಮುರದಂಗ. ನನ್ನ ಮನಸ್ಸಿಗೆ ಅದ ಒಪ್ಪೂದಿಲ್ಲ.

ಕೃಷ್ಣಾತೀರ_ವಿಜಯಪುರ

ಬಾದಾಮಿ ಅಣ್ಣಾ, ನಿಮ್ಮ ಹರಕಿ ನಿಮ್ಮದು, ನಾ ಅದಕ್ಕ ಏನೂ ಅನ್ನೂದಿಲ್ಲ. ನಮ್ಮ ನೆರೀ ಸೊಲ್ಲಾಪುರದ ಸಿದ್ಧರಾಮ ಸಣ್ಣ ಹುಡುಗಿದ್ದಾಗಿನ ಕಥಿ ನಿಮಗೂ ಗೊತ್ತೈತಿ. ಮಲ್ಲಯ್ಯ ಜಂಗಮನ ವೇಷದಾಗ ಹೊಲಕ್ಕ ಬಂದ ಉಣ್ಣಾಕ ಬೇಡಿದ, ಹುಡುಗ ಮನಿಗೆ ಓಡಿ ಹೋಗಿ ಮಜ್ಜಿಗಿ ಅನ್ನ ತರೂದ್ರಾಗ ಅಂವ ಇರಲಿಲ್ಲ, ಮಲ್ಲಯ್ಯಾ ಮಲ್ಲಯ್ಯಾ ಅಂತ ಅಳಕೋಂತ ಯಾತ್ರಿಕರ ಗುಂಪ ಸೇರಿ ಶ್ರೀಶೈಲಕ್ಕ ಹೋದ. ಆ ಗುಂಪಿನಾವ್ರು ಸಣ್ಣ ಹುಡುಗನ್ನ ದಾರ್ಯಾಗ ಬಿಟ್ಟ ಬಿರಬಿರ ಹೋಗಿದ್ರ? ನಾ ಅಷ್ಟ ವಿಚಾರ ಮಾಡತೀನಿ.

ಆತ್ಮಕೂರದಿಂದ ದೋರ್ನಾಲ ಮ್ಯಾಲ ಹಾಸಿ ಬಸ್ಸಿನ ರಸ್ತಾ ಐತಿ ತಮ್ಮಾ. ಅವನ್ನ ಒಬ್ಬನ್ನ ಕಳಸಬ್ಯಾಡ್ರಿ, ಕೂಡ ಒಬ್ಬರ ಹೋಗ್ರಿ.

ಗುಳೇದಗುಡ್ಡ_ಖಣ

ಯುಗಾದಿ ಆಗಿ ಎಂಟ ದಿನಾ ಆತು, ನಿನ್ನೆ ಊರಿಗೆ ಬಂದು ಇವತ್ತ ಬರಿಯಾಕತ್ತೀನಿ. ನಾಲ್ಕೂ ಮಂದಿ ಆರಾಮ ಬಂದೀವ್ರಿ.

ಹೋಗೂಕ್ಕಿಂತ ಮೊದಲ ಬೆಳಗಾವಿ ಸರ್ ಹೇಳಿದಂಗ ಬಾದಾಮಿ ಶಿವಾಲಯದ ಗುಡ್ಡ ಎರಡ ಸಲ ಏರಿ ಇಳದ್ವಿ. ಮರದಿನ ಮುಂಜಾನೆ ಅಂವ ಏನೂ ಆಗಿಲ್ಲ ಅಂದ, ಆದ್ರ ಅವರ ಮನಿಗೆ ಹೋದಾಗ ಮಗ್ಗದ ಕುಣ್ಯಾಗ ಕಾಲ ಇಳಸಾಕ ಗ್ವಾಡಿ ಹಿಡಕೊಂಡಿದ್ದ, ನಾ ಕಣ್ಣಾರೆ ನೋಡಿದೆ. ಅವತ್ತ ನಾಲ್ಕೂ ಮಂದಿ ಅವರ ಕಟ್ಟಿಮ್ಯಾಲ ಕುಂತ ಈ ಚರ್ಚಾ ಪೂರ್ತಿ ಓದಿದ್ವಿ. ವಿಜಯಪುರ ಕಾಕಾರ ಗೆಜ್ಜಿ ವಿಷಯ ಬಂದಾಗ ಅಂವ ಫೋನ್ ಇಸಕೊಂಡ ಇನ್ನೊಮ್ಮೆ ಓದಿದ. ಆಮ್ಯಾಲ ತಾನ ಅಂದ, ಆತ್ಮಕೂರ ತನಕಾ ನಡಿತೀನಿ, ಅಡವ್ಯಾಗ ನಿಮಗ ಭಾರಾ ಆಗೂದಿಲ್ಲ ಅಂತ.

ಆತ್ಮಕೂರ ತನಕಾ ಚೊಲೋ ನಡದ. ನಸುಕಿನ ಮೂರಕ್ಕ ಎದ್ದ ಹತ್ತಕ್ಕ ನಿಲ್ಲೂದು, ಸಂಜಿ ನಾಲ್ಕಕ್ಕ ಮತ್ತ ಹೊಂಡೂದು. ಹುನಗುಂದದ ಪೆಂಡಾಲದಾಗ ಒಬ್ಬ ಅಜ್ಜಾರು ಅವನ ಕಾಲ ತಮ್ಮ ತೊಡಿಮ್ಯಾಲ ಇಟಗೊಂಡ ಎಣ್ಣಿ ಹಚ್ಚಿದ್ರು, ಅಂವ ಬ್ಯಾಡ್ರಿ ಅಜ್ಜಾರ ಅಂತ ಕಾಲ ಹಿಂದ ಜಗ್ಗೂದು ಅವರ ಬಿಡೂದಿಲ್ಲ. ನನಗ ಎಡಗಾಲ ಹಿಮ್ಮಡಕ್ಕ ಮಾನ್ವಿ ಹತ್ತರ ಬೊಕ್ಕಿ ಎದ್ದಿತ್ತು, ಉರಿ ಹತ್ತಿದಾಗ ನಿಲ್ಲಲಿಲ್ಲ, ಮುಧೋಳ ಅಣ್ಣಾರ ಹೇಳಿದ್ದ ತಪ್ಪ ನಾನ ಮಾಡಿದೆ, ಎರಡ ದಿನಾ ಕುಂಟಿದೆ. ಆ ಎರಡ ದಿನಾ ಮೊಣಕಾಲ ನೋವಿನಾಂವನ ನನ್ನ ಚೀಲ ಹೊತ್ತ.

ಆತ್ಮಕೂರದಾಗ ಅಂವ ಬಸ್ ಹತ್ತಿದ, ಕೂಡ ಇನ್ನೊಬ್ಬಾಂವ ಹತ್ತಿದ. ಬಸ್ ಹೊಂಡೂಮುಂದ ನಾವ ನಾಲ್ಕೂ ಮಂದಿ ಸುಮ್ಮನ ಇದ್ವಿ. ನಾವಿಬ್ಬರ ಅಡವಿ ಹೊಕ್ಕ್ವಿ. ನಾಗಲೂಟಿ ಏರ ಮುಗಿಸಿ ಗುಡಿ ಮುಂದ ಕುಂತಾಗ ಬೆವರ ಆರಾಕ ಹತ್ತಿತ್ತು, ಸಾಗವಾನಿ ಒಣ ಎಲಿಮ್ಯಾಲ ಮಂದಿ ನಡಿಯೂ ಸಪ್ಪಳ ಮಳಿ ಬಂದಂಗ. ಪೆದ್ದಚೆರುವು ದಂಡಿಗೆ ವಸ್ತಿ. ಭೀಮನ ಕೊಳ್ಳ ಇಳಿಯೂಮುಂದ ಒಂದೊಂದ ಮೆಟ್ಲಕ್ಕೂ ಅವನ ಮೊಣಕಾಲ ನೆನಪಾತು, ಕರಕೊಂಡ ಬರದಿದ್ದದ್ದ ಚೊಲೋ ಆತು ಅನಿಸ್ತು, ಇರಬೇಕಿತ್ತು ಅಂತನೂ ಅನಿಸ್ತು.

ಏರ ಏರೂಮುಂದ ಕಣ್ಣ ಕತ್ತಲಿ ಬರಾಕತ್ತಿದ್ವು, ಹತ್ತ ಮೆಟ್ಲ ಏರೂದು ಕುಂದರೂದು. ಮ್ಯಾಲ ಕೈಲಾಸ ಬಾಗಿಲದ ಕಮಾನ ಕಂಡಾಗ ಅದರ ಬುಡಕ ಇಬ್ಬರ ಕುಂತಾರ, ಒಬ್ಬಾಂವನ ಕೈಯಾಗ ಎರಡ ಬಿದಿರ ಬಡಗಿ. ಶ್ರೀಶೈಲಕ್ಕ ಹೋಗಿ ಇಳದಾವ್ರು ದರ್ಶನಾ ಸಹಿತ ಮಾಡದ, ಹಾಟಕೇಶ್ವರದ ಗುಂಟ ಹೊಳ್ಳಿ ಐದಾರ ಕಿಲೋಮೀಟರ್ ನಡದ ನಮ್ಮ ಸಲುವಾಗಿ ಮುಂಜಾನಿಂದ ಕುಂತಿದ್ರು. ಒಂದ ಕ್ಯಾನಿನ್ಯಾಗ ಸಕ್ಕರಿ ಉಪ್ಪಿನ ನೀರ, ಬಿಸಲಿಗೆ ಬೆಚ್ಚಗಾಗಿತ್ತು. ಅಷ್ಟ ರುಚಿ ನೀರ ನಾ ಕುಡದಿಲ್ಲ.

ಅಲ್ಲಿಂದ ಶ್ರೀಶೈಲಕ್ಕ ನಾಲ್ಕೂ ಮಂದಿ ಕೂಡಿ ನಡದ್ವಿ. ದಾರಿ ಗೊತ್ತಿದ್ದ ನಾ ಮುಂದ, ನನ್ನ ಬೆನ್ನಿಗೆ ಅಂವ. ಆ ಐದಾರ ಕಿಲೋಮೀಟರಿಗೆ ಮೂರ ತಾಸ ಹಿಡಿತು.

ಬರಿಗಾಲ_ಬಾದಾಮಿ

ತಮ್ಮಾ, ನಾ ಮೊದಲ ಬರದದ್ದ ಮನಸ್ಸಿಗೆ ಹಚಗೋಬ್ಯಾಡಂತ ಆ ಗೆಳ್ಯಾಗ ಹೇಳು. ದರ್ಶನಾ ಬಿಟ್ಟ ಹೊಳ್ಳಿ ಬಂದಾನಂದ್ರ ಅವನ ನಡಿಗಿ ಪೂರಾ ಐತಿ.

ಸಹ್ಯಾದ್ರಿ_ನಡಿಗಿ_ಬೆಳಗಾವಿ

ಮುಂದಿನ ವರ್ಷ ನನ್ನನ್ನೂ ಕರಕೊಂಡ ಹೋಗ್ರಿ. ಅಷ್ಟರಾಗ ಅವನ ಮೊಣಕಾಲ ಚೊಲೋ ಡಾಕ್ಟರಿಗೆ ತೋರಸರಿ, ತೊಡಿ ಸ್ನಾಯು ಗಟ್ಟಿ ಮಾಡೂ ವ್ಯಾಯಾಮ ಹೇಳಿ ಕೊಡತಾರ.

ಇಳಕಲ್ಲ_ಸೀರಿ

ಖಣ ಒಯ್ದಿದ್ರೇನ್ರಿ?

ಗುಳೇದಗುಡ್ಡ_ಖಣ

ಒಯ್ದಿದ್ವಿ ಅಕ್ಕಾರ. ಅಂವನ ನೇಯ್ದದ್ದು. ಊರಿಂದ ಆತ್ಮಕೂರ ತನಕಾ ಅಂವ ಹೊತ್ತ, ಬಸ್ ಹತ್ತೂಮುಂದ ನನ್ನ ಕೈಯಾಗ ಕೊಟ್ಟ ಇದರ ಅಡವಿ ದಾರೀಲೇ ಬರಲಿ ಅಂದ, ಕೈಲಾಸ ಬಾಗಿಲದಾಗ ನಾ ಹೊಳ್ಳಿ ಅವನ ಕೈಯಾಗ ಕೊಟ್ಟೆ. ಅಮ್ಮನ ಗುಡ್ಯಾಗ ಅಂವನ ಕೊಟ್ಟ.

ಇಳಕಲ್ಲ_ಸೀರಿ

ಯಾವ ಬಣ್ಣದ್ದರಿ?

ಗುಳೇದಗುಡ್ಡ_ಖಣ

ಕಡುಗೆಂಪ, ಹಸರ ದಡಿ. ಅವರವ್ವ ಆರಿಸಿದ್ದು.